ಞಾ ಲಿಬ್ರಾದಾ ಕುಟ್ಟಾಣಿ ನಿಲ್ಲಿಸುವ ಹೊತ್ತು

ಒವಿಯೆದೊ ಬಸ್ ನಿಲ್ದಾಣದ ಹಿಂದಿನ ಸಂತೆಸಾಲಿನಲ್ಲಿ ನನ್ನದು ಚಪ್ಪಲಿ ರಿಪೇರಿ ಅಂಗಡಿ. ನನ್ನ ಎಡಕ್ಕೆ ಲಿಬ್ರಾದಾಳ ಸೊಪ್ಪಿನ ಅಂಗಡಿ, ಬಲಕ್ಕೆ ಎದುವಿಯ ಚೀಪಾ ರೊಟ್ಟಿಯ ಬುಟ್ಟಿ. ಇಪ್ಪತ್ತಾರು ವರ್ಷದಿಂದ ಇದೇ ಸಾಲು, ಇದೇ ಜನ. ನನ್ನ ಮುಖಕ್ಕಿಂತ ಲಿಬ್ರಾದಾಳ ಮುಖವನ್ನೇ ನೀನು ಹೆಚ್ಚು ಹೊತ್ತು ನೋಡಿದ್ದೀಯ ಎಂದು ನನ್ನ ಹೆಂಡತಿ ಕಯೆತಾನಾ ಆಗಾಗ ಚುಚ್ಚುವುದುಂಟು. ಅದು ನಿಜವೇ. ಆದ್ದರಿಂದ ಲಿಬ್ರಾದಾಳ ಬಗ್ಗೆ ಬರೆಯುವ ಹಕ್ಕು ಈ ಊರಿನಲ್ಲಿ ಯಾರಿಗಾದರೂ ಇದ್ದರೆ ನನಗಿದೆ, ಅವಳ ವಿಷಯದಲ್ಲಿ ತಲೆ ತಗ್ಗಿಸಬೇಕಾದವನೂ ನಾನೇ.

ಊರಿನ ಬಾಯಲ್ಲಿ ಅವಳು ಞಾ ಲಿಬ್ರಾದಾ. ಅರವತ್ತು ದಾಟಿದ ಹೆಂಗಸನ್ನು ಹೆಸರಿಗೆ ಮೊದಲು ಗೌರವದ ಒಂದು ಞಾ ಸೇರಿಸದೆ ಬರೀ ಹೆಸರಿನಿಂದ ಕೂಗುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಗಿಡ್ಡ ಹೆಂಗಸು, ತೋಳುಗಳು ಮಾತ್ರ ಕಟ್ಟಿಗೆ ಒಡೆಯುವ ಗಂಡಸಿನವು. ನಮ್ಮ ಜನಕ್ಕೆ ಬೆಳಗ್ಗೆಯಿಂದ ಸಂಜೆಯವರೆಗೆ ತೆರೆರೆ ಇಲ್ಲದೆ ಆಗುವುದಿಲ್ಲ. ಕೊಂಬಿನ ಲೋಟಕ್ಕೆ ಮಾತೆ ಎಂಬ ಗಿಡದ ಎಲೆಯ ಪುಡಿ ತುಂಬಿ, ಹಸಿರು ಸೊಪ್ಪು ಜಜ್ಜಿ ಹಾಕಿದ ಐಸ್ ನೀರು ಹುಯ್ದು, ಒಂದೇ ಕೊಳವೆಯಲ್ಲಿ ಸರದಿಯಂತೆ ಎಲ್ಲರೂ ಹೀರುವುದು. ಆ ಸೊಪ್ಪನ್ನು ಆರಿಸಿ ಜಜ್ಜಿಕೊಡುವುದೇ ಲಿಬ್ರಾದಾಳ ಕಸುಬು. ಹೊಟ್ಟೆಯುರಿಗೆ ಒಂದು, ನಿದ್ದೆ ಬಾರದವರಿಗೆ ಒಂದು, ಗಂಡನ ಮೇಲೆ ಸಿಟ್ಟು ಬಂದವರಿಗೆ ಒಂದು. ಅವಳ ಮರದ ಕುಟ್ಟಾಣಿಗೆ ಅವಳದೇ ಒಂದು ಲಯ: ಎರಡು ಪೆಟ್ಟು, ಆಮೇಲೆ ಅಂಚಿಗೆ ಒರೆಸಿ ಒಂದು ಎಳೆತ. ಸಾಲಿನಲ್ಲಿ ಹನ್ನೊಂದು ಜನ ಸೊಪ್ಪಿನವರಿದ್ದಾರೆ. ಕಣ್ಣು ಮುಚ್ಚಿ ಕೂತರೂ ಇದು ಲಿಬ್ರಾದಾಳದು ಎಂದು ನಾನು ಹೇಳಬಲ್ಲೆ.

ಓದು ಬರಹ ಅವಳಿಗೆ ಹೆಸರು ಗೀಚುವಷ್ಟು. ನಾನೇನು ಪಂಡಿತನಲ್ಲ, ಆದರೂ ನಮ್ಮ ಕಷ್ಟ ಹೇಳಬೇಕು. ಗ್ವಾರನಿ ನಮ್ಮ ಬಾಯಿಯ ಭಾಷೆ, ಶಾಲೆಯಲ್ಲಿ ಕೈಗೆ ಕಲಿಸಿದ್ದು ಸ್ಪ್ಯಾನಿಷ್. ನನ್ನ ಮೂಲವ್ಯಾಧಿಯನ್ನು ಸ್ಪ್ಯಾನಿಷ್ಷಿನಲ್ಲಿ ಬರೆದರೆ ಅದು ಬೇರೆ ಯಾರದೋ ಮೂಲವ್ಯಾಧಿ ಅನ್ನಿಸುತ್ತದೆ. ಹಾಗಾಗಿ ಫೋನಿನಲ್ಲಿ ಮಾತನ್ನೇ ತುಂಬಿ ಕಳಿಸುವ ವಾಯ್ಸ್ ಮೆಸೇಜು ಬಂದಾಗ ಇದು ನಮಗಾಗಿಯೇ ಹುಟ್ಟಿದ್ದು ಎಂದುಕೊಂಡೆವು. ಊರೆಲ್ಲ ಬರೆಯುವುದನ್ನು ಬಿಟ್ಟು ಬಾಯಿ ತೆರೆಯಿತು. ಹಳ್ಳಿಯ ಹೆಂಗಸರು ಬಸ್ಸು ಹತ್ತಿ ಬರುವ ಬದಲು ತಮ್ಮ ಕಾಯಿಲೆಯನ್ನು ಲಿಬ್ರಾದಾಳ ಫೋನಿಗೆ ಹೇಳಿ, ಸೊಪ್ಪನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ತರಿಸಿಕೊಳ್ಳತೊಡಗಿದರು.

ತೊಂದರೆ ಇದ್ದದ್ದು ಅವಳ ಕೈಯಲ್ಲಿ. ಬೆಳಗಿನಿಂದ ಸಂಜೆವರೆಗೆ ಆ ಕೈ ಹಸಿರು ರಸದಲ್ಲಿ ಒದ್ದೆ. ಫೋನನ್ನು ಕಿವಿಗೆ ಹಿಡಿಯಲಾಗದೆ ಡಬ್ಬಿಗೆ ಒರಗಿಸಿಟ್ಟು, ಕಿರುಬೆರಳಲ್ಲಿ ಒತ್ತಿ, ಸ್ಪೀಕರ್ ಜೋರು ಮಾಡಿ ಕುಟ್ಟುತ್ತಾ ಕೇಳುತ್ತಿದ್ದಳು. ಅವಳ ಜೊತೆ ಸಾಲೂ ಕೇಳುತ್ತಿತ್ತು. ಯಾರ ಉಚ್ಚೆಯಲ್ಲಿ ಉರಿ, ಯಾರ ಮಗನಿಗೆ ತೊನ್ನು, ಯಾರ ಗಂಡ ಹಾಸಿಗೆಯಲ್ಲಿ ಮಗ್ಗುಲು ತಿರುಗಿ ಮಲಗುತ್ತಾನೆ, ಎಲ್ಲವೂ ನನ್ನ ಸುತ್ತಿಗೆ ಏಟಿನ ನಡುವೆ ನನ್ನ ಕಿವಿಗೆ ಬೀಳುತ್ತಿತ್ತು. ಅವಳಿಗೆ ಇದರಲ್ಲಿ ಮುಚ್ಚುಮರೆಯ ವಿಷಯವಿದೆ ಎಂದೇ ಹೊಳೆದಿರಲಿಲ್ಲ. ಕಾಯಿಲೆ ಎಂದ ಮೇಲೆ ನಾಲ್ಕು ಜನ ಕೇಳಿ ನಾಲ್ಕು ಮದ್ದು ಹೇಳಲಿ ಎನ್ನುವ ಮನೆಯಲ್ಲಿ ಬೆಳೆದವಳು. ನನಗೆ ಹೊಳೆದಿತ್ತು, ಆದರೆ ಸುಳ್ಳು ಯಾಕೆ ಹೇಳಲಿ, ಮಜಾ ಬರುತ್ತಿತ್ತು.

ಒಬ್ಬ ಟೀಚರ್ ಇದ್ದಳು. ಮದುವೆಯಾಗಿ ಎಂಟು ವರ್ಷ, ಮಕ್ಕಳಿರಲಿಲ್ಲ. ಬಸುರು ನಿಲ್ಲುವ ಬೇರು ಏನಾದರೂ ಇದೆಯಾ ಎಂದು ಸಣ್ಣ ದನಿಯಲ್ಲಿ ಕೇಳಿದ್ದಳು, ಗಂಡನಿಗೆ ಗೊತ್ತಾಗಬಾರದು ಎಂದೂ ಸೇರಿಸಿದ್ದಳು. ಅದನ್ನು ನಾನು ಕಯೆತಾನಾಳಿಗೆ ಹೇಳಿದೆ. ಕಯೆತಾನಾ ತಲೆಗೆ ಬಣ್ಣ ಹಚ್ಚಿಸಿಕೊಳ್ಳುತ್ತಾ ಪಾರ್ಲರಿನಲ್ಲಿ ಹೇಳಿದಳು. ಶುಕ್ರವಾರದ ಹೊತ್ತಿಗೆ ಅದು ಟೀಚರ್ ಕಿವಿಗೇ ಬಂತು. ಅಂದಿನಿಂದ ಅವಳು ಸಾಲಿನ ಆ ತುದಿಯ ಸೊಪ್ಪಿನವಳ ಹತ್ತಿರ ಹೋಗತೊಡಗಿದಳು. ತಾನು ಕೊಟ್ಟ ಬೇರು ಹಿಡಿಸಲಿಲ್ಲವೇನೋ ಎಂದು ಲಿಬ್ರಾದಾ ತಿಂಗಳುಗಟ್ಟಲೆ ಪೇಚಾಡಿದಳು. ನಾನು ಬಾಯಿ ಬಿಡದೆ ಅಟ್ಟೆ ಹೊಲಿದೆ.

ನಿಮಿಯಾ ಬಂದದ್ದು ಅದಾದ ಮೇಲೆ, ಮಾರ್ಚಿನ ಸೆಕೆಯಲ್ಲಿ. ದಕ್ಷಿಣದ ಬಸ್ಸಿನಿಂದ ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಇಳಿದಳು. ಮಗು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಸೊರಗಿತ್ತು. ಲಿಬ್ರಾದಾ ಪುದೀನ ಜಜ್ಜಿ ನೀರು ಕುಡಿಸಿದಳು, ಮಗುವನ್ನು ಸೊಪ್ಪಿನ ಮೂಟೆಯ ಮೇಲೆ ಮಲಗಿಸಿದಳು. ಮುಂದೆ ಎಲ್ಲಿಗೆ ಎಂದರೆ ನಿಮಿಯಾಗೆ ಗೊತ್ತಿರಲಿಲ್ಲ. ಅವಳ ಎಡ ಮುಂಗೈ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಅದನ್ನು ನೋಡಿದ ಮೇಲೆ ಲಿಬ್ರಾದಾ ಹೆಚ್ಚು ಕೇಳಲಿಲ್ಲ. ಅಂದಿನಿಂದ ತಾಯಿ ಮಗಳು ಲಿಬ್ರಾದಾಳ ಹಿಂದಿನ ಕೋಣೆಯಲ್ಲಿ ಉಳಿದರು. ನಿಮಿಯಾ ಹಗಲು ಅಂಗಡಿಯಲ್ಲಿ ಸೊಪ್ಪಿನ ಕಟ್ಟು ಕಟ್ಟುತ್ತಿದ್ದಳು, ಮಗು ಅರಾಮಿ ನನ್ನ ಹಳೆಯ ಚಪ್ಪಲಿಗಳನ್ನು ಜೋಡಿ ಮಾಡುತ್ತಾ ಆಡುತ್ತಿತ್ತು.

ಗಂಡನ ಹೆಸರು ಹೆರ್ವಾಸಿಯೊ, ಕಾಸಪಾ ಕಡೆಯ ಹಳ್ಳಿಯವನು. ನಿಮಿಯಾಳ ತಾಯಿ ಞಾ ಬ್ರಿಹಿದಾಳದೂ ಅದೇ ಹಳ್ಳಿ. ಮಗಳು ಓಡಿಹೋದ ಮೇಲೆ ಅಳಿಯ ಸಾಧು ಕುರಿಯಂತಾಗಿದ್ದ. ದಿನಾ ಸಂಜೆ ಅತ್ತೆಯ ಮನೆಗೆ ಬರುತ್ತಾನೆ, ಸೌದೆ ಒಡೆಯುತ್ತಾನೆ, ನೀರು ಸೇದುತ್ತಾನೆ, ನಿಮಿಯಾ ವಾಪಸ್ಸು ಬಂದರೆ ಸಾಕು ಎಂದು ಕಣ್ಣೊರೆಸಿಕೊಳ್ಳುತ್ತಾನೆ. ಮುದುಕಿ ನಂಬಿದ್ದಳು. ಮಗಳ ಕೈ ಮುರಿದದ್ದು ಬಾವಿಕಟ್ಟೆಯಿಂದ ಜಾರಿ ಎಂದೇ ಅವಳು ತಿಳಿದಿದ್ದಳು, ಏಕೆಂದರೆ ಆಗ ಮಗಳೇ ಹಾಗೆಂದು ಹೇಳಿದ್ದಳು.

ಆದರೂ ತಾಯಿಯ ಜೊತೆ ಮಾತು ಬಿಡುವ ಹಾಗಿರಲಿಲ್ಲ. ನಮ್ಮಲ್ಲಿ ಮಕ್ಕಳು ಎಷ್ಟೇ ದೊಡ್ಡವರಾಗಲಿ, ತಾಯಿಯ ಮುಂದೆ ಎರಡು ಕೈ ಜೋಡಿಸಿ ಮೊದಲು ಆಶೀರ್ವಾದ ಕೇಳಬೇಕು, ತಾಯಿ ಕೊಡಬೇಕು, ಬೇರೆ ಮಾತೆಲ್ಲ ಆಮೇಲೆ. ಅದನ್ನು ನಿಲ್ಲಿಸಿದ ಮಗಳು ಸತ್ತ ಮಗಳಿಗೆ ಸಮ. ಹಾಗಾಗಿ ನಿಮಿಯಾ ಹೊಸ ನಂಬರಿನಿಂದ ದಿನಾ ಹತ್ತು ಗಂಟೆಗೆ, ಮುದುಕಿ ಮಾವಿನ ಮರದ ಕೆಳಗೆ ತೆರೆರೆಗೆ ಕೂರುವ ಹೊತ್ತಿಗೆ, ಒಂದು ವಾಯ್ಸ್ ಕಳಿಸುತ್ತಿದ್ದಳು. ಫೋನನ್ನು ಎಡಗೈಗೆ ಸಿಕ್ಕಿಸಿಕೊಂಡು, ತಾಯಿ ಎದುರಿಗೇ ಇದ್ದಾಳೆ ಎನ್ನುವಂತೆ ಕೈ ಜೋಡಿಸಿ ಆಶೀರ್ವಾದ ಕೇಳುವಳು. ತಾನು ರಾಜಧಾನಿ ಅಸುನ್ಸಿಯೋನಿನಲ್ಲಿ ಒಂದು ಮನೆಗೆಲಸಕ್ಕಿದ್ದೇನೆ, ಮಗು ಚೆನ್ನಾಗಿ ಉಣ್ಣುತ್ತಿದೆ ಎನ್ನುವಳು. ನಿಜ ಹೇಳುವಂತಿರಲಿಲ್ಲ. ಮುದುಕಿಗೆ ಕಿವಿ ಮಂದ. ಅವಳು ಮೆಸೇಜನ್ನು ಕುರ್ಚಿಯ ಮೇಲಿಟ್ಟು ಅಕ್ಕಪಕ್ಕದವರ ನಡುವೆ ಜೋರಾಗಿ ಹಾಕುತ್ತಿದ್ದಳು, ಸಂಜೆ ಅಳಿಯ ಬಂದಾಗ ಅವನಿಗೂ ಇನ್ನೊಮ್ಮೆ ಹಾಕಿ ಕೇಳಿಸುತ್ತಿದ್ದಳು.

ನಿಮಿಯಾ ಬುದ್ಧಿವಂತೆ. ಊರಿನ ಹೆಸರು ಅಪ್ಪಿತಪ್ಪಿಯೂ ಅವಳ ಬಾಯಿಂದ ಬರುತ್ತಿರಲಿಲ್ಲ, ಫೋನಿನಲ್ಲಿ ತನ್ನ ಫೋಟೊ ಕೂಡ ಇಟ್ಟಿರಲಿಲ್ಲ. ತನ್ನ ಬಾಯಿಯನ್ನು ಅವಳು ಕಾಯ್ದುಕೊಂಡಳು. ನಮ್ಮ ಸದ್ದನ್ನು ಕಾಯುವುದು ಅವಳ ಕೈಯಲ್ಲಿರಲಿಲ್ಲ.

ನನ್ನ ರೇಡಿಯೋ ವಿಷಯಕ್ಕೆ ಬರಬೇಕು. ಅದು ನನ್ನ ಮಾವನ ಕಾಲದ್ದು, ಊರಿನ ಸಣ್ಣ ಸ್ಟೇಷನ್ನಿಗೆ ಅಂಟಿಕೊಂಡಿದೆ, ಬೆಳಗ್ಗೆ ಹಾಕಿದರೆ ಸಂಜೆಗೇ ಆರುವುದು. ಎರಡು ಹಾಡಿಗೊಮ್ಮೆ ಯಾರು ಸತ್ತರು, ಯಾರ ಹಸು ಕಳೆಯಿತು ಎಂದು ಹೇಳಿ, ಒವಿಯೆದೊದಲ್ಲಿ ಈಗ ಸಮಯ ಇಷ್ಟು ಎನ್ನುತ್ತದೆ. ಹುಡುಗಿ ಮಾತಾಡುವಾಗ ಸ್ವಲ್ಪ ಸಣ್ಣ ಮಾಡು ಎಂದು ಲಿಬ್ರಾದಾ ಎರಡು ಸಲ ಹೇಳಿದ್ದಳು. ತಾಯಿಗೆ ಮಗಳ ದನಿ ಸರಿಯಾಗಿ ಕೇಳಲಿ ಎಂಬಷ್ಟೇ ಅವಳ ಯೋಚನೆ. ರೇಡಿಯೋ ನನ್ನದು, ಕರೆಂಟು ನನ್ನದು, ಇಷ್ಟವಿಲ್ಲದವರು ಕಿವಿಗೆ ಹತ್ತಿ ಇಟ್ಟುಕೊಳ್ಳಲಿ ಎಂದು ನಾನು ಅಂದಿದ್ದೆ. ಆ ಮಾತು ಈಗಲೂ ನನ್ನ ಎದೆಯಲ್ಲಿ ಮೊಳೆ ಹೊಡೆದ ಹಾಗಿದೆ.

ಒಂದು ಗುರುವಾರ ಬೆಳಗ್ಗೆ, ನಿಮಿಯಾ ಕಳಿಸುವ ಮೊದಲೇ ತಾಯಿಯ ವಾಯ್ಸ್ ಬಂತು. ನಮ್ಮ ಸಾಲಿನ ರೂಢಿಯಂತೆ ನಿಮಿಯಾ ಅದನ್ನು ಜೋರಾಗಿಯೇ ಹಾಕಿದಳು.

"ದೇವ್ರು ನಿನ್ನ ಕಾಯ್ಲಿ ಮಗಳೇ. ನಿನ್ನೆ ಸಂಜೆ ನಿನ್ ಮಾತು ಕೇಳಿ ಹೆರ್ವಾಸಿಯೊ ನಗ್ತಾ ಇದ್ದ. ಅತ್ತೆ, ನಿಮ್ಮಗಳು ಅಸುನ್ಸಿಯೋನಲ್ಲಿಲ್ಲ, ಒವಿಯೆದೋಲಿದಾಳೆ, ಹಿಂದ್ಗಡೆ ರೇಡಿಯೋನೇ ಹೇಳ್ತಲ್ಲ ಅಂದ. ಇವತ್ತು ಬಸ್ಸಿಗೆ ಹೊರಟ, ಕರ್ಕೊಂಡೇ ಬರ್ತೀನಿ ಅಂದ. ನಂಗೂ ಸಂತೋಷ ಆಯ್ತಮ್ಮ. ಮಗೂಗೆ ಅಂತ ಗಿಣ್ಣು ಎತ್ತಿಟ್ಟಿದೀನಿ."

ಮೆಸೇಜು ಮುಗಿಯುತ್ತಿದ್ದಂತೆ ನನ್ನ ರೇಡಿಯೋ, ಒವಿಯೆದೊದಲ್ಲಿ ಈಗ ಸಮಯ ಒಂಬತ್ತು ಗಂಟೆ ನಲವತ್ತು ನಿಮಿಷ ಎಂದಿತು. ನಾನು ಅದನ್ನು ಆರಿಸಿದೆ. ಲಿಬ್ರಾದಾ ರೇಡಿಯೋವನ್ನೊಮ್ಮೆ ನೋಡಿದಳು, ನನ್ನನ್ನು ನೋಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

"ವೆನಾನ್ಸಿಯೊ, ನಿನ್ ಹೆಂಡ್ತಿ ಮನೇಲಿದಾಳಾ?" ಎಂದಷ್ಟೇ ಕೇಳಿದಳು.

ಹಿಂದಿನ ಗಲ್ಲಿಯಿಂದ ತಾಯಿ ಮಗುವನ್ನು ನಮ್ಮ ಮನೆಗೆ ಸೇರಿಸಿ ಬಂದೆ. ಕಯೆತಾನಾ ಬಾಗಿಲಿಗೆ ಚಿಲಕ ಹಾಕಿ ಮಗುವಿಗೆ ಹಾಲು ಕಾಯಿಸಲು ನಿಂತಳು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವಳ ಜನ್ಮದಲ್ಲಿ ಅದೇ ಮೊದಲು.

ಮಧ್ಯಾಹ್ನ ಎರಡು ಗಂಟೆಯ ಮೇಲೆ ಹೆರ್ವಾಸಿಯೊ ಬಂದ. ರಾಕ್ಷಸನ ಹಾಗಿರುತ್ತಾನೆ ಎಂದುಕೊಂಡಿದ್ದೆ. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ತಲೆ, ಹಿರಿಯರನ್ನು ಕಂಡರೆ ಟೋಪಿ ತೆಗೆಯುವ ಸಭ್ಯಸ್ಥ. ಹೆಂಡತಿಯ ಮೆಸೇಜನ್ನು ಅತ್ತೆಯ ಫೋನಿನಿಂದ ತನ್ನ ಫೋನಿಗೆ ಕಳಿಸಿಕೊಂಡಿದ್ದ. ಅಂಗಡಿಯಿಂದ ಅಂಗಡಿಗೆ ಹೋಗಿ ಅದನ್ನು ಹಾಕಿ ಕೇಳಿಸುತ್ತಿದ್ದ. ನನ್ನ ಮುಂದೆಯೂ ಹಿಡಿದ.

"ಅಣ್ಣಾ, ಈ ದನಿ ಗುರ್ತು ಸಿಗತ್ತಾ? ನನ್ನ ಹೆಂಡ್ತಿ. ತಲೆ ಸರಿಯಿಲ್ದೆ ಮನೆ ಬಿಟ್ಟು ಬಂದಿದಾಳೆ."

ಫೋನಿನಲ್ಲಿ ನಿಮಿಯಾ ಅಮ್ಮನ ಆಶೀರ್ವಾದ ಕೇಳುತ್ತಿದ್ದಳು. ಅದರ ಹಿಂದೆ ನನ್ನ ರೇಡಿಯೋ. ಅದರ ಹಿಂದೆ ನನ್ನ ಸುತ್ತಿಗೆ. ಬಿಸಿ ಚೀಪಾ ಎಂದು ಕೂಗುವ ಎದುವಿ. ಎರಡು ಪೆಟ್ಟು ಒಂದು ಎಳೆತ, ಲಿಬ್ರಾದಾ. ನಡುವೆ ಒಬ್ಬ ಗಂಡಸು ಗೊರಗೊರ ಕೆಮ್ಮಿದ, ಅದು ನಾನು. ಅಂಟಿನ ವಾಸನೆ ಕುಡಿದು ಕುಡಿದು ಬಂದ ಕೆಮ್ಮು, ಇಪ್ಪತ್ತು ವರ್ಷದ್ದು. ನನ್ನ ಸದ್ದನ್ನು ನಾನೇ ಹೊರಗಿನವನಂತೆ ಕೇಳಿದ್ದು ಅದೇ ಮೊದಲು. ಆ ಗಳಿಗೆಯಲ್ಲೇ ಗಂಟಲಲ್ಲಿ ಕೆಮ್ಮು ಎದ್ದು ಬಂತು. ತುಟಿ ಕಚ್ಚಿ ತಡೆದೆ, ಕಣ್ಣಲ್ಲಿ ನೀರಾಡಿತು. ಏನಾಯಿತು ಎಂದು ಅವನು ಕೇಳಿದ್ದಕ್ಕೆ ಅಂಟು ಘಾಟು ಎಂದು ಬೆರಳು ತೋರಿಸಿದೆ. ಇಂಥ ದನಿ ಗೊತ್ತಿಲ್ಲ ಎಂದು ತಲೆಯಾಡಿಸಿದೆ.

ಅವನು ಲಿಬ್ರಾದಾಳ ಮುಂದೆ ನಿಂತ. ಅವಳನ್ನು ಪ್ರಶ್ನೆ ಕೇಳಲಿಲ್ಲ. ಫೋನನ್ನು ತನ್ನ ಕಿವಿಗೆ ಹಚ್ಚಿಕೊಂಡು, ಬಾಯಾರಿಕೆಯಾಗಿದೆ, ಒಂದಿಷ್ಟು ಪುದೀನ ಜಜ್ಜಿ ಕೊಡಿ ಎಂದ. ಆಚೆ ತುದಿಯಿಂದ ಎಲ್ಲ ಸೊಪ್ಪಿನವರ ಹತ್ತಿರವೂ ಹಾಗೆಯೇ ಜಜ್ಜಿಸಿಕೊಂಡು ಬಂದಿದ್ದ ಎಂದು ಆಮೇಲೆ ಗೊತ್ತಾಯಿತು. ಅವನು ಹುಡುಕುತ್ತಿದ್ದದ್ದು ಒನಕೆಯ ಸದ್ದನ್ನು.

ಲಿಬ್ರಾದಾಳ ಕೈ ಒನಕೆಯ ಕಡೆಗೆ ಹೋಯಿತು. ಮೂವತ್ತೈದು ವರ್ಷ ಒಂದೇ ಲಯದಲ್ಲಿ ಕುಟ್ಟಿದ ಕೈ ಅದು, ನಿದ್ದೆಯಲ್ಲೂ ಹಾಗೆಯೇ ಕುಟ್ಟೀತು. ಅವಳು ಒನಕೆಯನ್ನು ಎಡಗೈಗೆ ತೆಗೆದುಕೊಂಡಳು. ಒಂದು ಪೆಟ್ಟು. ನಿಂತಳು. ಮತ್ತೆ ಮೂರು ಪೆಟ್ಟು ಒಟ್ಟಿಗೆ, ಮತ್ತೊಂದು ಅಂಚಿಗೆ ಬಡಿದು ಸೊಪ್ಪು ನೆಲಕ್ಕೆ ಚೆಲ್ಲಿತು. ಹೊಸ ಸೊಸೆ ಮೊದಲ ದಿನ ಕುಟ್ಟುವ ಹಾಗೆ ಕುಟ್ಟಿದಳು. ಊರಿಗೆ ಊರೇ ಕೈ ಮುಗಿಯುವ ಕುಟ್ಟಾಣಿ ಅದು. ಎಲೆಗಳು ಅರೆಬರೆ ಜಜ್ಜಿಕೊಂಡು ಬಿದ್ದದ್ದನ್ನು ನೋಡಿ ನನಗೇ ಅವಮಾನವಾಯಿತು.

"ಅಭ್ಯಾಸ ಇಲ್ವಾ ಅಮ್ಮಾ?" ಎಂದು ಅವನು ನಕ್ಕ.

"ಇದು ನಮ್ಮಕ್ಕನ ಅಂಗ್ಡಿ ಕಣಪ್ಪ. ಅವ್ಳಿಗೆ ಹುಷಾರಿಲ್ಲ, ನಾನ್ ಬಂದು ಒಂದ್ ವಾರ ಆಗಿಲ್ಲ. ಬೈಕೋಬೇಡ, ಕುಡಿ."

ಆಗ ಬಲಗಡೆಯಿಂದ ಎದುವಿ ಬಾಯಿ ಹಾಕಿದಳು. ಕೈ ಸೊಟ್ಟಗಿದ್ದ ಹುಡುಗಿಯಾ, ನಿಲ್ದಾಣದ ಊಟದ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳಲ್ಲ, ಗಡಿಯಾಚೆ ಪೊಸಾದಾಸಿಗೆ ಕೆಲಸಕ್ಕೆ ಹೋದಳಂತೆ, ನಿನ್ನೆ ಮಧ್ಯಾಹ್ನವೇ ಬಸ್ಸು ಹತ್ತಿದಳು ಎಂದಳು. ಕೊಡೆ ಮಾರುವವನು ನಾನೇ ಅವಳ ಚೀಲ ಬಸ್ಸಿನ ಮೇಲೆ ಹಾಕಿದ್ದು ಎಂದ. ಹಣ್ಣಿನವಳು ಮಗು ಅಳುತ್ತಿತ್ತು ಪಾಪ ಎಂದಳು. ಜೀವಮಾನದಲ್ಲಿ ಒಂದು ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳದ ಸಾಲು ಅಂದು ಕಲಿತು ಬಂದವರಂತೆ ಸುಳ್ಳು ಹೇಳಿತು. ಹೆರ್ವಾಸಿಯೊ ಪುದೀನದ ನೀರು ಕುಡಿದು, ಧನ್ಯವಾದ ಹೇಳಿ, ಐದರ ಬಸ್ಸಿಗೆ ವಾಪಸ್ಸು ಹೋದ.

ಬಸ್ಸು ತಿರುವು ದಾಟಿದ ಮೇಲೆ ಲಿಬ್ರಾದಾ ಬಕೆಟ್ಟಿನಲ್ಲಿ ಕೈ ಅದ್ದಿದಳು. ನಾನು ಹತ್ತಿರ ಹೋಗಿ, ರೇಡಿಯೋ ನನ್ನದು ಎಂದೆ.

"ರೇಡಿಯೋ ನಿಂದು, ಕುಟ್ಟಾಣಿ ನಂದು, ಕೂಗು ಎದುವೀದು," ಎಂದಳು. "ಬಾಯಿ ಬಿಗಿಹಿಡ್ದಿದ್ದು ಆ ಹುಡ್ಗಿ ಒಬ್ಳೇ. ನಾವೆಲ್ಲ ಸೇರ್ಕೊಂಡು ಅವ್ಳ ವಿಳಾಸ ಹೇಳ್ಬಿಟ್ವಿ." ಕೈ ಒರೆಸಿಕೊಳ್ಳುತ್ತಾ, "ಆ ಟೀಚರು ಯಾಕೆ ಬರೋದ್ ಬಿಟ್ಲು ಅಂತ ಈಗ ಗೊತ್ತಾಯ್ತು," ಎಂದಳು. ನಾನು ಕೈಯಲ್ಲಿದ್ದ ಚಪ್ಪಲಿಯನ್ನು ನೋಡಿದೆ.

ಮರುದಿನ ಬೆಳಗ್ಗೆ ಒಂದು ಕಟ್ಟು ಬೇರು ಹಿಡಿದು ಟೀಚರ್ ಮನೆಗೆ ಹೋದಳು. ಫೋನಿನಲ್ಲಿ ಹೇಳಬಾರದೇ ಎಂದು ಎದುವಿ ಕೇಳಿದ್ದಕ್ಕೆ, ಕ್ಷಮೆ ಕೇಳುವುದನ್ನು ಎದುರಿಗೇ ಕೇಳಬೇಕು ಎಂದಳಂತೆ. ನಿಮಿಯಾಳನ್ನು ನ್ಯಾಯಾಧೀಶರ ಕಚೇರಿಗೂ ಕರೆದುಕೊಂಡು ಹೋಗಿ, ಗಂಡ ಹತ್ತಿರ ಬರಬಾರದೆಂಬ ಕಾಗದ ಮಾಡಿಸಿದಳು. ಕಾಗದ ಒಳ್ಳೆಯದೇ, ಆದರೆ ಬಸ್ಸು ಕಾಗದಕ್ಕಿಂತ ಬೇಗ ಬರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಆದ್ದರಿಂದ ಸಾಲಿಗೇ ಒಂದು ಕಟ್ಟಳೆ ಮಾಡಿದಳು.

ಹತ್ತು ಗಂಟೆಗೆ ನಿಮಿಯಾ ಅಂಗಡಿಯ ಹಿಂದೆ ಒಣ ಸೊಪ್ಪಿನ ಮೂಟೆಗಳ ನಡುವೆ ಕೂತು, ಈಗ ಪೊಸಾದಾಸಿನಲ್ಲಿದ್ದೇನೆ ಎಂದು ತಾಯಿಗೆ ಹೇಳುತ್ತಾಳೆ. ಮೂಟೆ ಸದ್ದನ್ನು ನುಂಗುತ್ತದೆ, ನುಂಗಲಾರದ್ದನ್ನು ನಾವು ನುಂಗಬೇಕು. ಲಿಬ್ರಾದಾ ಒನಕೆಯನ್ನು ಕುಟ್ಟಾಣಿಯ ಮೇಲೆ ಅಡ್ಡ ಇಡುತ್ತಾಳೆ. ಅದೇ ಗುರುತು. ನನ್ನ ರೇಡಿಯೋ ಆರುತ್ತದೆ, ಸುತ್ತಿಗೆ ನಿಲ್ಲುತ್ತದೆ, ಎದುವಿ ಬಾಯಿಗೆ ಬುಟ್ಟಿಯ ಬಟ್ಟೆ ಒತ್ತಿಕೊಳ್ಳುತ್ತಾಳೆ. ಬಸ್ಸಿಗೆ ಜನರನ್ನು ಕೂಗಿ ಕರೆಯುವ ನಿಲ್ದಾಣದ ಗಂಟಲು ಹರುಕನನ್ನೂ ಕೊಡೆಯವನು ಸಾಲಿನ ಬಾಗಿಲಲ್ಲೇ ತಡೆದು ನಿಲ್ಲಿಸುತ್ತಾನೆ. ಗಿರಾಕಿಗಳು ಏನೆಂದು ಕೇಳಿದರೆ ಲಿಬ್ರಾದಾ ತುಟಿಯ ಮೇಲೆ ಹಸಿರು ಬೆರಳಿಡುತ್ತಾಳೆ. ಒಂದೂವರೆ ನಿಮಿಷ. ತನ್ನ ಫೋನನ್ನೂ ಅವಳು ಅಂದಿನಿಂದ ಸ್ಪೀಕರಿಗೆ ಹಾಕಿಲ್ಲ. ಕೈ ಒರೆಸಿ, ಗೋಡೆಯ ಕಡೆ ತಿರುಗಿ, ಕಿವಿಗೆ ಒತ್ತಿಕೊಂಡು ಕೇಳುತ್ತಾಳೆ. ಹೆಸರು ಹೇಳಬೇಡಿ, ಮಂಡಿನೋವಿನವಳು ಎನ್ನಿ ಸಾಕು ಎಂದು ಹೆಂಗಸರಿಗೆ ತಾಕೀತು ಮಾಡಿದ್ದಾಳೆ. ನನಗೆ ಊರಿನ ಸುದ್ದಿ ಸಿಗುವುದು ನಿಂತಿದೆ. ನನಗದು ಆಗಬೇಕಾದದ್ದೇ.

ಮೂರು ವಾರ ಹೀಗೆ ನಡೆಯಿತು. ಒಂದು ದಿನ ನಿಮಿಯಾ ಮೂಟೆಗಳ ನಡುವಿಂದ ಅಳುತ್ತಾ ಎದ್ದು ಬಂದು, ಫೋನನ್ನು ಲಿಬ್ರಾದಾಳ ಕಿವಿಗೆ ಹಿಡಿದಳು, ಆಮೇಲೆ ನನ್ನ ಕಿವಿಗೆ. ಬ್ರಿಹಿದಾ ಮುದುಕಿಯ ದನಿ ಮೊದಲಿನಷ್ಟು ಜೋರಾಗಿರಲಿಲ್ಲ.

"ದೇವ್ರು ನಿನ್ನ ಕಾಯ್ಲಿ ಮಗಳೇ. ಅಲ್ಲಾ, ಯಾಕಿಷ್ಟು ಬಿಕೋ ಅನ್ನತ್ತೆ ನಿನ್ನ ಸುತ್ತ? ಮೊದ್ಲು ಯಾರೋ ಕುಟ್ತಿದ್ರು, ಹಾಡು ಬರ್ತಿತ್ತು, ಒಬ್ಬ ಮನುಷ್ಯ ಕೆಮ್ತಿದ್ದ. ಮಗಳ ಹತ್ರ ಜನ ಇದಾರೆ ಅಂತ ನಂಗೆ ನೆಮ್ಮದಿ ಇತ್ತು. ಈಗ ಬಾವೀಲಿ ಕೂತು ಮಾತಾಡ್ದಂಗಿದೆ. ನಿಂಗೆ ಅಲ್ಲಿ ಯಾರೂ ಇಲ್ವಾ? ಆ ಕೆಮ್ಮೋನು ಸತ್ತೋದ್ನಾ?"

ನಾನು ಫೋನನ್ನು ವಾಪಸ್ಸು ಕೊಟ್ಟೆ. ನಮ್ಮ ಗಲಾಟೆಯೇ ಆ ಮುದುಕಿಗೆ ದಿನಾ ಧೈರ್ಯ ಹೇಳುತ್ತಿತ್ತು ಎಂದು ಯಾರು ಎಣಿಸಿದ್ದರು? ಇಪ್ಪತ್ತು ಜನ ಉಸಿರು ಬಿಗಿಹಿಡಿದು ಕೂತಿದ್ದೇವೆ, ತಾಯಿಗೆ ಅದು ಮಗಳ ಒಂಟಿತನವಾಗಿ ಕೇಳಿಸುತ್ತಿದೆ. ಒಂದು ಸಲ ಕೆಮ್ಮಿಬಿಡೋಣ ಎನ್ನಿಸಿತು. ಆದರೆ ಅದೇ ಕೆಮ್ಮು ಮತ್ತೆ ಕೇಳಿಸಿದರೆ ಹುಡುಗಿ ಎಲ್ಲಿಗೂ ಹೋಗಿಲ್ಲ ಎಂದು ಹೆರ್ವಾಸಿಯೊಗೆ ತಿಳಿದುಹೋಗುತ್ತದೆ. ನಿಮಿಯಾ ಇನ್ನು ನಿಜ ಹೇಳಿಬಿಡುತ್ತೇನೆ, ಬಂದರೆ ಬರಲಿ ಎಂದಳು. ಲಿಬ್ರಾದಾ ಬೇಡ ಎಂದಳು. ಹೇಳಬೇಕಾದ್ದನ್ನು ಒಂದೇ ಒಂದು ಕಿವಿಗೆ ಹೇಳಬೇಕು, ಅದನ್ನು ಫೋನು ಮಾಡಲಾರದು, ಕಾಲು ಮಾಡುತ್ತದೆ ಎಂದಳು.

ಅಂಗಡಿಯನ್ನು ಒಂದು ದಿನವೂ ಮುಚ್ಚದ ಹೆಂಗಸು ಭಾನುವಾರ ಬೆಳಕು ಹರಿಯುವ ಮೊದಲು ಕಾಸಪಾ ಬಸ್ಸು ಹತ್ತಿದಳು. ತಲೆಗೆ ಕರಿ ಶಾಲು ಹೊದ್ದು, ಬೇರು ಕೊಳ್ಳಲು ಬಂದವಳಂತೆ ಆ ಹಳ್ಳಿಗೆ ಹೋಗಿ, ಇಗರ್ಜಿಯಲ್ಲಿ ಬ್ರಿಹಿದಾಳ ಪಕ್ಕದಲ್ಲೇ ಕೂತಳು. ಗಂಡಸರು ಎಂದಿನಂತೆ ಹೊರಗೆ ನೆರಳಲ್ಲಿದ್ದರು. ಮುದುಕಿಗೆ ಕಿವಿ ಮಂದವಾದ್ದರಿಂದ ಪಿಸುಗುಟ್ಟಿದರೆ ಕೇಳದು, ಜೋರಾಗಿ ಹೇಳಿದರೆ ಊರಿಗೆ ಕೇಳೀತು. ಹಾಗಾಗಿ ಎಲ್ಲರೂ ಎದ್ದು ನಿಂತು ಹಾಡುವವರೆಗೆ ಕಾದು, ಹಾಡಿನ ಅಬ್ಬರದ ನಡುವೆ ಅವಳ ಕಿವಿಗೆ ಬಾಯಿಟ್ಟು ಎಲ್ಲವನ್ನೂ ಹೇಳಿದಳು. ಬಾವಿಕಟ್ಟೆಯಿಂದ ಜಾರಿದ್ದಲ್ಲ ಎಂಬುದನ್ನೂ ಹೇಳಿದಳು. ಮುದುಕಿ ಹಾಡು ನಿಲ್ಲಿಸಲಿಲ್ಲ, ಮುಂದೆಯೇ ನೋಡುತ್ತಾ ಹಾಡಿದಳಂತೆ, ಕೆನ್ನೆ ಮಾತ್ರ ಒದ್ದೆಯಾಗಿತ್ತಂತೆ. ಪೂಜೆಯ ಕೊನೆಗೆ ಅಕ್ಕಪಕ್ಕದವರು ಕೈ ಹಿಡಿದು ಶಾಂತಿ ಕೋರುವಾಗ ಲಿಬ್ರಾದಾಳ ಕೈಯನ್ನು ಹಿಡಿದು, ಅಂಗೈಯ ಗಂಟುಗಳ ಮೇಲೆ ಹೆಬ್ಬೆರಳು ಆಡಿಸಿದಳಂತೆ.

"ಕುಟ್ಟೋರು ನೀವೇನಾ?" ಎಂದಳಂತೆ.

ಇದನ್ನು ಹೇಳುವಾಗ ಲಿಬ್ರಾದಾ ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಳಿಯನಿಗೆ ಅನುಮಾನ ಬಾರದಂತೆ ಮೊದಲಿನ ಹಾಗೆಯೇ ಸೌದೆ ಒಡೆಸುತ್ತೇನೆ, ತೆರೆರೆ ಕೊಡುತ್ತೇನೆ, ಮೆಸೇಜನ್ನೂ ಜೋರಾಗಿಯೇ ಹಾಕಿ ಕೇಳಿಸುತ್ತೇನೆ ಎಂದು ಮುದುಕಿ ಮಾತು ಕೊಟ್ಟಿದ್ದಳು. ಗಿಣ್ಣಿನ ಒಂದು ಉಂಡೆಯನ್ನು ಬಟ್ಟೆಯಲ್ಲಿ ಕಟ್ಟಿ ಕಳಿಸಿದ್ದಳು.

ಮರುದಿನ ಅವಳ ವಾಯ್ಸ್ ಬಂತು. ನಿಮಿಯಾ ಒಬ್ಬಳೇ ಮೊದಲು ಕೇಳಿದಳು. ಆಮೇಲೆ ಸಾಲಿನುದ್ದಕ್ಕೂ ಬಂದು ಒಬ್ಬೊಬ್ಬರ ಕಿವಿಗೂ ಹಿಡಿದಳು, ಎದುವಿಗೆ, ಕೊಡೆಯವನಿಗೆ, ಹಣ್ಣಿನವಳಿಗೆ. ನನ್ನ ಸರದಿ ಬಂತು. ಮುದುಕಿಯ ದನಿ ಮತ್ತೆ ಜೋರಾಗಿತ್ತು, ಮಾವಿನ ಮರದ ಕೆಳಗಿನವರೆಲ್ಲ ಕೇಳಲಿ ಎನ್ನುವ ಹಾಗೆ.

"ದೇವ್ರು ನಿನ್ನ ಕಾಯ್ಲಿ ಮಗಳೇ, ಮಗೂನೂ ಕಾಯ್ಲಿ. ನಿನ್ನೆ ಪೂಜೇಲಿ ಎಲ್ಲರಿಗೂ ಬೇಡ್ಕೊಂಡೆ. ಬಾಯಿ ಮುಚ್ಕೊಂಡು ದುಡಿಯೋರಿಗೆಲ್ಲ ನನ್ನ ಆಶೀರ್ವಾದ ಇರ್ಲಿ. ಎದೇಲಿ ಕೆಮ್ಮಿಟ್ಕೊಂಡಿರೋರಿಗೂ ಇರ್ಲಿ."

ನನ್ನ ತಾಯಿ ಹೋಗಿ ಹತ್ತೊಂಬತ್ತು ವರ್ಷ. ಅಲ್ಲಿಂದೀಚೆಗೆ ನನಗೆ ಯಾರೂ ಆಶೀರ್ವಾದ ಕೊಟ್ಟಿರಲಿಲ್ಲ, ಕೇಳುವ ವಯಸ್ಸೂ ದಾಟಿತ್ತು. ಸುತ್ತಿಗೆ ಕೆಳಗಿಟ್ಟು, ಟೋಪಿ ತೆಗೆದು, ಅಂಟು ಮೆತ್ತಿದ ಎರಡೂ ಕೈಗಳನ್ನು ಆ ಫೋನಿನ ಮುಂದೆ ಜೋಡಿಸಿದೆ.

ಅಷ್ಟರಲ್ಲಿ ಹತ್ತು ಗಂಟೆಯಾಯಿತು. ಲಿಬ್ರಾದಾ ಒನಕೆ ಒರೆಸಿ ಕುಟ್ಟಾಣಿಯ ಮೇಲೆ ಅಡ್ಡ ಇಟ್ಟಳು. ನಾನು ರೇಡಿಯೋ ಆರಿಸಿ, ಕೆಮ್ಮು ಬಾರದಿರಲೆಂದು ಬಾಯಿ ತುಂಬ ತಣ್ಣನೆಯ ತೆರೆರೆ ತುಂಬಿಕೊಂಡೆ. ನಿಮಿಯಾ ಮೂಟೆಗಳ ನಡುವೆ ಕೂತು ಅಮ್ಮನ ಆಶೀರ್ವಾದ ಕೇಳಿದಳು.